ನಂದಾದೀಪಕ್ಕೆ ಬಿಸಿಲಿನ ಎಣ್ಣೆ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಯಾತ್ರಿಕನಿಗೆ, ಕಪಿಲೆಯ ಸೇತುವೆಯನ್ನು ದಾಟುವ ಹೊತ್ತಿಗೆ, ನಂಜನಗೂಡಿನ ರಾಜಗೋಪುರವು ಊರಿಗಿಂತ ಮೊದಲೇ ದರ್ಶನವೀಯುತ್ತದೆ. ಏಳು ನೆಲೆಗಳ, ಸುಮಾರು 120 ಅಡಿ ಎತ್ತರದ ಈ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದರು. ಅದರ ಹಿಂದೆ 385 ಅಡಿ ಉದ್ದವಾಗಿ, 160 ಅಡಿ ಅಗಲವಾಗಿ, 147 ಕಂಬಗಳ ಮೇಲೆ ಶ್ರೀಕಂಠೇಶ್ವರನ ಆಲಯವು ಹರಡಿಕೊಂಡಿದೆ. ಗೋಪುರವು ಪೂರ್ವಕ್ಕಿರುವುದರಿಂದ ಬೆಳಗಿನ ಹೊತ್ತು ಅದರ ನೆರಳು ಗುಡಿಯ ಮಾಳಿಗೆಯ ಮೇಲೆಯೇ ಮಲಗಿರುತ್ತದೆ. ಓದುಗರು ಈ ನೆರಳನ್ನು ತುಸು ನೆನಪಿನಲ್ಲಿಡಬೇಕು; ಅದರ ಮಾತು ಮುಂದೆ ಬರಲಿದೆ.

ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಹೆಜ್ಜೆಹೆಜ್ಜೆಗೂ ದಟ್ಟವಾಗುವ ಕತ್ತಲೆ. ಆ ಕತ್ತಲೆಯ ಕೊನೆಯಲ್ಲಿ ಒಂದು ದೀಪ. ತನ್ನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ಗುಣವಾಯಿತೆಂದು ಟೀಪು ಸುಲ್ತಾನನು ಈ ದೇವರನ್ನು ‘ಹಕೀಮ್ ನಂಜುಂಡ’ನೆಂದು ಕರೆದು, ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದು ಐತಿಹ್ಯ. ಪಚ್ಚೆಯ ಕತೆಯನ್ನು ಎಲ್ಲರೂ ಬಲ್ಲರು. ದೀಪದ ಕತೆಯನ್ನು ಕೇಳುವವರು ಕಡಿಮೆ.

ಆ ಕತೆ ಕಲ್ಲಿನ ಮೇಲಿದೆ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಷ್ಟು ಹಿಂದೆಯೇ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ಇಂತಹ ದತ್ತಿಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’ ಎಂಬ ಮಾತು ಚಿರಪರಿಚಿತ. ಆ ಕಾಲದ ದಾನಿಯು ದೀಪದ ಕಂಬವನ್ನು ಮಾತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಎಣ್ಣೆಗಾಗಿ ಗದ್ದೆಯನ್ನು ಬಿಟ್ಟನು. ಗಾಣದ ಮೇಲಿನ ತೆರಿಗೆಯನ್ನು ಬಿಟ್ಟನು. ಇಷ್ಟು ಗದ್ಯಾಣವನ್ನು ನಂಬಿಕಸ್ಥರಲ್ಲಿ ಇಟ್ಟು, ಅದರ ಬಡ್ಡಿಯಿಂದ ದೀಪ ಉರಿಯಲೆಂದು ಬರೆಸಿದನು. ದೀಪವನ್ನು ಹಚ್ಚುವುದು ಒಂದು ದಿನದ ಕೆಲಸ, ಉರಿಸುವುದು ಮಾತ್ರ ತಲೆಮಾರುಗಳದ್ದೆಂಬುದನ್ನು ಅವನು ಬಲ್ಲನು.

ಇನಾಮು ಭೂಮಿಗಳು 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದಿಯಾತಿ ಕಾಯಿದೆಯಿಂದ ಗುಡಿಗಳ ಕೈಬಿಟ್ಟವು. ಉಳುವವನಿಗೆ ಹೊಲ ಸಿಕ್ಕಿದ್ದು ನ್ಯಾಯವೇ. ಆದರೆ ಬದಲಿಗೆ ಗುಡಿಗೆ ಬಂದದ್ದು ತಸ್ತೀಕು, ಸರಕಾರ ವರ್ಷಕ್ಕೊಮ್ಮೆ ಕೊಡುವ ಗೊತ್ತಾದ ಮೊತ್ತ. ಎಣ್ಣೆಯ ಬೆಲೆಯೊಂದಿಗೆ ಗದ್ದೆಯ ಬತ್ತದ ಬೆಲೆಯೂ ಏರುತ್ತದೆ. ಗೊತ್ತಾದ ಮೊತ್ತವಾದರೋ ಆದೇಶವಾದಾಗಲಷ್ಟೇ ಏರುತ್ತದೆ.

ಈಗ ಎಣ್ಣೆಯ ಜೊತೆಗೆ ವಿದ್ಯುತ್ತಿನ ಬಿಲ್ಲೂ ಇದೆ. ಗರ್ಭಗೃಹದಲ್ಲಿ ಎಣ್ಣೆಯ ದೀಪವೇ ಇರತಕ್ಕದ್ದು. ಅದನ್ನು ತೆಗೆಯಿರೆಂದು ಯಾರೂ ಹೇಳುವುದಿಲ್ಲ. ಆದರೆ ಪ್ರಾಕಾರದ ದೀಪಗಳು, ನೀರೆತ್ತುವ ಪಂಪು, ದಾಸೋಹದ ರುಬ್ಬುವ ಯಂತ್ರ, ಬೀಸಣಿಗೆಗಳು ಇವೆಲ್ಲಕ್ಕೂ ದುಡ್ಡು ಬೇಕು. ಇವುಗಳಲ್ಲಿ ಬಹುಪಾಲು ಹಗಲಿನಲ್ಲಿ, ಬಿಸಿಲಿರುವಾಗಲೇ ನಡೆಯುವಂಥವು. 1 ಕಿಲೋವಾಟ್ ಸೌರಫಲಕಗಳಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಸಾಕು; ಈ ಸೀಮೆಯ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಹುಟ್ಟುತ್ತದೆ. 10 ಕಿಲೋವಾಟಿಗೆ ಐದಾರು ಲಕ್ಷ ರೂಪಾಯಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 78,000 ರೂಪಾಯಿಯವರೆಗೆ ಸಹಾಯಧನ ಕೊಡುತ್ತದೆಯಾದರೂ ಅದು ವಾಸದ ಮನೆಗಳಿಗೆ. ದೇವರು ಆ ಗುಡಿಯಲ್ಲಿ ವಾಸವಾಗಿದ್ದಾನೆಂಬ ವಾದ ಕಛೇರಿಯಲ್ಲಿ ನಡೆಯದು!

ಫಲಕಗಳನ್ನು ಎಲ್ಲಿಡಬೇಕು? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, 1515ರಲ್ಲಿ ಮುಗಿದ ಕಿಂಗ್ಸ್ ಕಾಲೇಜಿನ ಚಾಪೆಲ್ಲಿಗೂ ಈ ಪ್ರಶ್ನೆ ಎದುರಾಯಿತು. ಸ್ಮಾರಕ ಸಂರಕ್ಷಣೆಯವರು ಆಕ್ಷೇಪಿಸಿದರು. ಕೊನೆಗೆ ಮಾಡಿನ ಸೀಸದ ಹೊದಿಕೆಯನ್ನು ಹೊಸದಾಗಿ ಹಾಸುವ ಸಂದರ್ಭದಲ್ಲಿಯೇ, 2023ರಲ್ಲಿ, ಅದರ ಮೇಲೆ 438 ಫಲಕಗಳು ಬಂದವು. ವ್ಯಾಟಿಕನ್ನಿನವರ ಹಾದಿ ಬೇರೆ. 2008ರಲ್ಲಿ ಅವರು ಸೇಂಟ್ ಪೀಟರ್ ಮಹಾದೇವಾಲಯವನ್ನು ಮುಟ್ಟದೆ, ಪಕ್ಕದಲ್ಲಿ 1971ರಲ್ಲಿ ಕಟ್ಟಿದ ಆರನೆಯ ಪಾಲ್ ಸಭಾಭವನದ ಮಾಡಿಗೆ 2,400 ಫಲಕಗಳನ್ನು ಜೋಡಿಸಿದರು.

ನಂಜನಗೂಡಿಗೆ ಒಪ್ಪುವುದು ಎರಡನೆಯ ಹಾದಿ. ಒಂದೊಂದು ಫಲಕ 20–25 ಕಿಲೋ ತೂಗುತ್ತದೆ. ಹಳೆಯ ಗಾರೆಯ ಮಾಳಿಗೆಗೆ ಮೊಳೆ ಹೊಡೆದರೆ ಮರುವರ್ಷದ ಮಳೆ ನವರಂಗದೊಳಗೆ ಇಳಿಯುತ್ತದೆ. ಮೇಲಾಗಿ, ಆ ಗೋಪುರದ ನೆರಳು! ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಅದರೊಡನೆ ಸರಣಿಯಾಗಿ ಜೋಡಿಸಿದ ಇತರ ಫಲಕಗಳ ಉತ್ಪತ್ತಿಯೂ ಕುಂದಬಹುದು. ದೇವಾಜಮ್ಮಣ್ಣಿಯವರ ಗೋಪುರವು ತಾನಾಗಿಯೇ ಬೇಡವೆನ್ನುತ್ತಿದೆ. ಆದರೆ ಯಾತ್ರಿಕರಿಗೆಂದು ಈಚೆಗೆ ಕಟ್ಟಿದ ವಸತಿಗೃಹಗಳೂ ಛತ್ರಗಳೂ ಸಮತಟ್ಟಾದ ತಾರಸಿಗಳನ್ನು ಬಿಸಿಲಿಗೆ ಒಡ್ಡಿಕೊಂಡು ನಿಂತಿವೆ. ಸುಮಾರು 12 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಫಲಕವನ್ನು ದಕ್ಷಿಣಕ್ಕೆ ಅಷ್ಟೇ ಬಾಗಿಸಿದರೆ ಸಾಕಾದ್ದರಿಂದ, ಕೈಪಿಡಿಗೋಡೆಯ ಮರೆಯಲ್ಲಿ ಅದು ತೇರಿನ ಬೀದಿಯವರ ಕಣ್ಣಿಗೂ ಬೀಳದು. ಒಂದು ಎಚ್ಚರ ಮಾತ್ರ ಬೇಕು: 2018, 2019, 2024ರಲ್ಲಿ ಕಪಿಲೆ ಉಕ್ಕಿ ಸ್ನಾನಘಟ್ಟವನ್ನು ಮುಳುಗಿಸಿದ್ದಾಳೆ. ಇನ್ವರ್ಟರನ್ನು ನೆಲಮಟ್ಟದಲ್ಲಿ ಇಡಬಾರದು.

ಕಪಿಲೆಯ ಜೊತೆಯಲ್ಲಿಯೇ ಕೆಳಗೆ ಸಾಗಿದರೆ ತಿರುಮಕೂಡಲು. ಇಲ್ಲಿ ಕಾವೇರಿ ಕೂಡುತ್ತಾಳೆ. ಸ್ಫಟಿಕ ಸರೋವರವೂ ಗುಪ್ತವಾಗಿ ಸೇರುವುದೆಂದು ನಂಬಿಕೆ. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದರಲ್ಲಿ ಗುಂಜಾ ನರಸಿಂಹ. ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆಂದು ಊರವರು ಹೆಮ್ಮೆಪಡುತ್ತಾರೆ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲಿಯೂ ನಡೆಯಿತು. ಇದೇ ಎರಡು ನದಿಗಳ ನೀರು ಇನ್ನೂ ಕೆಳಗೆ ಶಿವನಸಮುದ್ರದಲ್ಲಿ ಧುಮುಕಿ, 1902ರಲ್ಲಿ 147 ಕಿಲೋಮೀಟರು ದೂರದ ಕೋಲಾರದ ಗಣಿಗೆ ವಿದ್ಯುತ್ತನ್ನು ಕೊಟ್ಟಿತು. ಬೆಂಗಳೂರಿನ ಬೀದಿಗಳು 1905ರಲ್ಲಿ ಬೆಳಗಿದವು. ಹೊಸ ಬೆಳಕು ಈ ಸೀಮೆಗೆ ಹೊಸತಲ್ಲ.

ಇದೇ ತಾಲ್ಲೂಕಿನ ಸೋಮನಾಥಪುರದ ಮಾತು ಮಾತ್ರ ಬೇರೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕೇಶವಾಲಯದ ಕೈಸಾಲೆಯ ಮೇಲೆ ಫಲಕವಿಡುವುದನ್ನು ಊಹಿಸುವುದೂ ಬೇಡ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಒಳ್ಳೆಯದೇ ಆಯಿತು.

ದೊಡ್ಡ ಗುಡಿಗಳಿಗೆ ದಾನಿಗಳು ಬಂದಾರು. ಟ್ಯೂಬ್‌ಲೈಟಿನ ಮೇಲೆ ತಮ್ಮ ಹೆಸರನ್ನು, ಬೆಳಕಿನ ಕಾಲುಭಾಗ ಮರೆಯಾಗುವಷ್ಟು ದಪ್ಪಕ್ಷರದಲ್ಲಿ ಬರೆಸುವ ಭಕ್ತರು ಫಲಕವನ್ನೂ ಕೊಡಿಸಿಯಾರು. ಅದರ ಮೇಲಿನ ಧೂಳನ್ನು ತಿಂಗಳಿಗೆರಡು ಸಲ ತೊಳೆಯುವ ಕೂಲಿಯನ್ನು ಕೊಡುವವರು ಯಾರು? ಶಾಶ್ವತ ಪೂಜೆಗೆಂದು ಹಣವನ್ನು ಠೇವಣಿಯಿಟ್ಟು, ಬಡ್ಡಿಯಿಂದ ವರ್ಷಕ್ಕೊಮ್ಮೆ ಅರ್ಚನೆ ಮಾಡಿಸುವ ಪದ್ಧತಿ ಗುಡಿಗಳಲ್ಲಿ ಇದ್ದೇ ಇದೆ. ಫಲಕದ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಬಹುದು. ಉಳಿದ ಬಿಲ್ಲಿನ ಹಣದಲ್ಲಿ ಒಂದು ಪಾಲನ್ನು ಅಲ್ಲಿಯೇ ಕೂಡಿಡಬಹುದು.

ಇವೆರಡು ಪಟ್ಟಣಗಳ ನಡುವಣ ಹಳ್ಳಿಗಳಲ್ಲಿ, ವಾರ್ಷಿಕ ಆದಾಯ 5 ಲಕ್ಷವನ್ನು ಮುಟ್ಟದ ‘ಸಿ’ ವರ್ಗದ ಗುಡಿಗಳಿಗೆ ಮೂರು ದೀಪ ಸಾಕು; ಅದಕ್ಕೆ ಒಂದೇ ಫಲಕ, ಒಂದೇ ಬ್ಯಾಟರಿ. ಫಲಕ 25 ವರ್ಷ ಬಾಳುತ್ತದೆ. ಬ್ಯಾಟರಿ ಐದಾರು ವರ್ಷಕ್ಕೆ ಸೋಲುತ್ತದೆ. ಆ ಆರನೆಯ ವರ್ಷದ ಬ್ಯಾಟರಿಯ ಬೆಲೆಯನ್ನು, ಮೊದಲ ವರ್ಷದ ಜಾತ್ರೆಯ ದಿನವೇ, ಊರವರು ತಟ್ಟೆಗೆ ಹಾಕಬೇಕಾಗಿದೆ.