ಕಾನ್ಸಸ್ ಬಯಲಿನ ಹೂರಣದ ರೊಟ್ಟಿ

ಅಮೇರಿಕ ಸಂಯುಕ್ತ ಸಂಸ್ಥಾನಗಳ ನಟ್ಟನಡುವೆ ಇರುವ ಕಾನ್ಸಸ್ ಪ್ರಾಂತದ ಪಶ್ಚಿಮ ಭಾಗದಲ್ಲಿ ಸಂಚರಿಸುವವನಿಗೆ ಗೋಧಿಯ ಹೊಲ, ಗಾಳಿ, ಆಕಾಶ ಇವುಗಳ ಹೊರತು ಬಹುದೂರ ಮತ್ತೇನೂ ಕಾಣಬರುವುದಿಲ್ಲ. ಹೀಗಿರಲು ವಿಕ್ಟೋರಿಯ ಎಂಬ ಸಣ್ಣ ಊರಿನ ಬಳಿ ಕಲ್ಲಿನ ಎರಡು ಗೋಪುರಗಳು ಥಟ್ಟನೆ ತಲೆದೋರುವುವು. 1911ರಲ್ಲಿ ಮುಗಿದ ಈ ಇಗರ್ಜಿಗಾಗಿ ಹನ್ನೆರಡು ವರ್ಷ ಮೀರಿದ ಪ್ರತಿಯೊಬ್ಬನೂ ವರ್ಷಕ್ಕೆ 45 ಡಾಲರು ಹಣವನ್ನೂ 6 ಬಂಡಿ ಕಲ್ಲನ್ನೂ ಸಲ್ಲಿಸಬೇಕೆಂದು ಕಟ್ಟಳೆಯಾಗಿತ್ತಂತೆ. ಇಂತಹ ಹಟದ ಒಕ್ಕಲು ಮಕ್ಕಳ ಮನೆಗಳಲ್ಲಿ ಬೇಯುವ ‘ಬೀರಾಕ್’ ಎಂಬ ರೊಟ್ಟಿಯ ವಿಚಾರವನ್ನು ವಾಚಕರ ಮುಂದಿಡಬೇಕೆಂದಿರುವೆನು.

ಇವರು ಕುಲದಿಂದ ಜರ್ಮನರು. ಬಂದುದು ಮಾತ್ರ ರಷ್ಯದಿಂದ. ವೋಲ್ಗಾ ನದಿಯ ಬದಿಯ ಬೀಳುನೆಲವನ್ನು ಉಳಿಸುವುದಕ್ಕಾಗಿ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳು 1763ರಲ್ಲಿ ಪರದೇಶದವರನ್ನು ಕರೆದು, ಸೈನ್ಯದ ಸೇವೆಯಿಂದ ವಿನಾಯಿತಿ ಕೊಡುವೆನೆಂದು ವಚನವಿತ್ತಳು. ನೂರು ವರ್ಷ ಸಂದ ಮೇಲೆ ಆ ವಚನ ಮುರಿಯಿತು; 1874ರಲ್ಲಿ ಕಡ್ಡಾಯದ ಸೈನಿಕ ಸೇವೆ ಜಾರಿಗೆ ಬಂದಿತು. 1876ರಲ್ಲಿ ಕೆಲವು ಕುಟುಂಬಗಳು ಇಲ್ಲಿಗೆ ಬಂದು ನೆಲಸಿದುವು. ಹಿಂದೆ ಉಳಿದವರ ಸಂತತಿಯನ್ನು 1941ರಲ್ಲಿ ಸೋವಿಯತ್ ಸರ್ಕಾರವು ಸೈಬೀರಿಯಕ್ಕೂ ಕಜಕಸ್ತಾನಕ್ಕೂ ಸಾಗಹಾಕಿತು. ವೋಲ್ಗಾ ತೀರದ ಹಳ್ಳಿಗಳಲ್ಲಿ ಆ ಒಲೆಗಳು ಆರಿದುವು.

ಇಲ್ಲಿಯಾದರೂ ಎಲ್ಲವೂ ಉಳಿಯಿತೆನ್ನುವಂತಿಲ್ಲ. 1917ರಲ್ಲಿ ಅಮೇರಿಕವು ಮಹಾಯುದ್ಧಕ್ಕೆ ಇಳಿದೊಡನೆ ಜರ್ಮನ್ ಮಾತು ಸಂಶಯಕ್ಕೆ ಗುರಿಯಾಯಿತು. ನೆರೆಯ ನೆಬ್ರಾಸ್ಕವು 1919ರಲ್ಲಿ ಎಳೆಯ ಮಕ್ಕಳಿಗೆ ಪರಭಾಷೆ ಕಲಿಸುವುದನ್ನೇ ನಿಷೇಧಿಸಿತು. 1923ರಲ್ಲಿ ಪರಮೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ತಳ್ಳಿಹಾಕಿತಾದರೂ ಮನೆಮಾತು ಮೊದಲಿನಂತೆ ಚಿಗುರಲಿಲ್ಲ. ಅಜ್ಜಿಯ ನುಡಿಯನ್ನರಿಯದ ಮೊಮ್ಮಗಳು ಅಜ್ಜಿಯ ರೊಟ್ಟಿಯನ್ನು ಮಾತ್ರ ತಪ್ಪದೆ ಮಾಡುವಳು. ಆ ರೊಟ್ಟಿಯ ಹೆಸರೋ ಜರ್ಮನ್ನಿನದೂ ಅಲ್ಲ. ರಷ್ಯನ್ನರ ‘ಪಿರೋಗ್’ ಎಂಬುದರಿಂದ ಬಂದಿರಬೇಕೆಂದು ಹಲವರ ಮತ. ನೆಬ್ರಾಸ್ಕದಲ್ಲಿ ಇದನ್ನೇ ಉದ್ದವಾಗಿ ಮಡಿಸಿ ‘ರುಂಜಾ’ ಎನ್ನುವರು. ಅಲ್ಲಿ 1949ರಲ್ಲಿ ಲಿಂಕನ್ ಪಟ್ಟಣದಲ್ಲಿ ತೆರೆದ ಒಂದು ಅಂಗಡಿ ಈಗ ಹಲವು ಶಾಖೆಗಳಾಗಿ ಬೆಳೆದಿದೆ. ನನಗಾದರೋ ಮನೆಯ ಒಲೆಯದೇ ಮೇಲು.

ಮಾಡುವ ಬಗೆ ನಮ್ಮ ಸೋದರಿಯರಿಗೆ ಹೊಸದೆನಿಸದು. ಹೋಳಿಗೆಯ ಹೂರಣವನ್ನು ಕಣಕದಲ್ಲಿ ಮುಚ್ಚಿದಂತೆಯೇ ಸರಿ. ಗೋಧಿಯ ನಯವಾದ ಹಿಟ್ಟಿಗೆ ಬೆಚ್ಚಗಿನ ಹಾಲು, ಬೆಣ್ಣೆ, ಮೊಟ್ಟೆ, ತುಸು ಸಕ್ಕರೆ, ಉಪ್ಪು, ಯೀಸ್ಟು ಸೇರಿಸಿ ಚೆನ್ನಾಗಿ ನಾದಿ, ಇಮ್ಮಡಿ ಉಬ್ಬುವವರೆಗೆ ಮುಚ್ಚಿಡಬೇಕು. ಹೂರಣಕ್ಕೆ ಕೊಚ್ಚಿದ ದನದ ಮಾಂಸ, ಈರುಳ್ಳಿ, ಎಲೆಕೋಸು, ಉಪ್ಪು, ಧಾರಾಳವಾಗಿ ಕರಿಮೆಣಸು, ಇಷ್ಟೆ. ನಮ್ಮಲ್ಲಿ ಮಾಡುವವರು ಕುರಿಯ ಮಾಂಸವನ್ನು ಬಳಸಬಹುದು. ಮಾಂಸ ಮುಟ್ಟದ ಮನೆಯವರು ಕೋಸನ್ನಷ್ಟೇ ತುಂಬಿದರೂ ಯಾರೂ ಜಗಳಕ್ಕೆ ಬರಲಾರರು.

ಎಚ್ಚರವೆಲ್ಲ ಕೋಸಿನಲ್ಲಿದೆ. ಅದು ಬೆಂದಷ್ಟೂ ನೀರು ಬಿಡುವುದು. ಆ ನೀರು ಇಂಗದಿದ್ದರೆ ರೊಟ್ಟಿಯ ತಳ ಹಸಿಹಿಟ್ಟಾಗಿ ಉಳಿಯುವುದು. ಹೂರಣ ಬಿಸಿಯಾಗಿದ್ದರೆ ಕಣಕದ ಬೆಣ್ಣೆ ಕರಗಿ ಅಂಚು ಅಂಟದು. ಆದುದರಿಂದ ಒಣಗುವವರೆಗೆ ಬಾಡಿಸಿ, ಪೂರ್ತಿ ಆರಿಸಬೇಕು. ಅನಂತರ ಕಣಕವನ್ನು ಐದಂಗುಲದ ಚೌಕಗಳಾಗಿ ಕೊಯ್ದು, ನಡುವೆ ಹೂರಣವಿಟ್ಟು, ನಾಲ್ಕು ಮೂಲೆಗಳನ್ನೂ ಮೇಲೆತ್ತಿ ಬಿಗಿಯಾಗಿ ಚಿವುಟಿ, ಚಿವುಟಿದ ಭಾಗ ಕೆಳಗಾಗುವಂತೆ ತಟ್ಟೆಯ ಮೇಲಿರಿಸಿ ಕೊಂಚ ಹೊತ್ತು ಬಿಡುವರು. ಫಾರನ್‌ಹೀಟ್ ಮಾನದ 375 ಅಂಶದ ಕಾವಿನಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕೆ ಹೊಂಬಣ್ಣ ಬರುವುದು. ಹೊರತೆಗೆದೊಡನೆ ಬೆಣ್ಣೆ ಸವರಿ ಬಟ್ಟೆ ಮುಚ್ಚಿದರೆ ಮೇಲ್ಪದರ ಮೆತ್ತಗಾಗುವುದು. ಹಿಂದೆ ಸುಗ್ಗಿಯ ದಿನಗಳಲ್ಲಿ ಇವನ್ನು ಹೊಲಕ್ಕೆ ಒಯ್ಯುತ್ತಿದ್ದರು. ಈಗಿನ ಗೃಹಿಣಿಯರು ಒಮ್ಮೆಗೇ ಹಲವು ಡಜನ್ ಬೇಯಿಸಿ ಶೀತಪೆಟ್ಟಿಗೆಯಲ್ಲಿ ಕಾಪಿಟ್ಟುಕೊಳ್ಳುವರು.