ಬಾನೆಟ್ಟಿನ ಕೆಳಗಿನ ಖಾಲಿ ಜಾಗ

ಎಂಜಿನ್ ಕಳಚಿ ಹೊರಗಿಟ್ಟ 1969ರ ಶೆವ್ರೊಲೆ ಶೆವೆಲ್ ಕಾರಿನ ಬಾನೆಟ್ ಎತ್ತಿದರೆ, ಮೆಕ್ಯಾನಿಕ್ ಒಳಗಿಳಿದು ನಿಂತು ಕೆಲಸ ಮಾಡುವಷ್ಟು ಜಾಗ ಕಾಣುತ್ತದೆ. ಅಮೆರಿಕದ ಹಳೆಯ ಕಾರುಗಳ ಹವ್ಯಾಸಿಗಳಿಗೆ ಈ ಖಾಲಿ ಜಾಗದ ಮುಂದೆ ನಿಲ್ಲುವುದೇ ಒಂದು ಸುಖ. ಇಲ್ಲಿ ಏನನ್ನು ಕೂರಿಸುವುದು? ಪ್ರಶ್ನೆ ಇಷ್ಟೇ. ಮಿಷಿಗನ್, ಒಹಾಯೊ ಕಡೆಯ ಗ್ಯಾರೇಜುಗಳಲ್ಲಿ ಹೊರಗೆ ಹಿಮ ಬೀಳುವಾಗ ಶುರುವಾದ ಈ ಚರ್ಚೆ ಹಿಮ ಕರಗಿದ ಮೇಲೂ ಮುಗಿದಿರುವುದಿಲ್ಲ. ಅದು ಬೇಗ ಮುಗಿಯಲಿ ಎಂದು ಯಾರಿಗೂ ಅನ್ನಿಸುವುದಿಲ್ಲ ಕೂಡ.

ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕುವುದು ಅಪಚಾರ ಎನ್ನುವವರಿದ್ದಾರೆ. ಆದರೆ ಮಸಲ್ ಕಾರು ಹುಟ್ಟಿದ್ದೇ ಹಾಗೆ. ಪಾಂಟಿಯಾಕ್ ಕಂಪನಿಯ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಸೇರಿಕೊಂಡು ದೊಡ್ಡ ಕಾರುಗಳಿಗೆಂದು ಇದ್ದ 389 ಘನ ಇಂಚಿನ ವಿ8 ಎಂಜಿನನ್ನು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನೊಳಗೆ ಇಳಿಸಿದರು. 1964ರ ಜಿಟಿಒ ಬಂದದ್ದು ಹೀಗೆ. ಮಧ್ಯಮ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ ಹಾಕಬಾರದೆಂದು ಪಾಂಟಿಯಾಕ್, ಶೆವ್ರೊಲೆಗಳ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನಲ್ಲಿ ನಿಯಮವೇ ಇತ್ತು. ಹೊಸ ಮಾಡೆಲ್ ಎನ್ನದೆ, ಗಿರಾಕಿ ಬೇಕೆಂದರೆ ಸೇರಿಸಿಕೊಡುವ ‘ಆಪ್ಷನ್’ ಎಂದು ಕರೆದು ಅವರು ಆ ನಿಯಮವನ್ನು ದಾಟಿದರು.

ಆ ಮಿತಿ ಮುಂದೆ 400 ಘನ ಇಂಚಿಗೆ ಏರಿತು. ಅದೂ ಸಾಲದು ಎಂದವನು ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್ ಊರಿನ ಡೀಲರ್ ಡಾನ್ ಯೆಂಕೊ. 1967ರಲ್ಲಿ ಕಾರ್ಖಾನೆಯಿಂದ ಬಂದ ಶೆವ್ರೊಲೆಯ ಹೊಸ ಕಮಾರೊ ಕಾರುಗಳ ಎಂಜಿನ್ ಇಳಿಸಿ, ಅಲ್ಲಿಗೆ 427 ಘನ ಇಂಚಿನ ಎಂಜಿನ್ ಏರಿಸಿ ಮಾರತೊಡಗಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆಯೇ ವಿಶೇಷ ಆರ್ಡರಿನ ಮೇಲೆ ಅಂಥ ಕಮಾರೊ ಕೊಡಲು ಒಪ್ಪಿತು. 1969ರಲ್ಲಿ ಪೂರ್ತಿ ಅಲ್ಯೂಮಿನಿಯಂನ ಝಡ್‌ಎಲ್1 ಎಂಜಿನ್ ಹೊತ್ತು ಬಂದ ಕಮಾರೊಗಳು 69 ಮಾತ್ರ. ಆ ಎಂಜಿನ್ನಿನ ಬೆಲೆಯೇ ಆಗಿನ 4,000 ಡಾಲರ್ ಮೀರಿತ್ತು. ಇಂದು ತನ್ನ ಗ್ಯಾರೇಜಿನಲ್ಲಿ ಸರಪಳಿಗೆ ಎಂಜಿನ್ ತೂಗುಹಾಕಿ ನಿಂತ ಹವ್ಯಾಸಿ ಯೆಂಕೊನ ದಾರಿಯಲ್ಲೇ ಇದ್ದಾನೆ.

ಒಂದು ಕಟ್ಟುಪಾಡು ಮಾತ್ರ ಇರಬೇಕು. ಕಾರ್ಖಾನೆಯಿಂದ ಬಂದ ದಿನದ ಎಂಜಿನ್ನೇ ಉಳಿದಿದ್ದು, ಅದರ ಮೇಲೆ ಕೊರೆದ ಸಂಖ್ಯೆ ಕಾರಿನ ಸಂಖ್ಯೆಗೆ ತಾಳೆಯಾಗುತ್ತಿದ್ದರೆ, ಅದಕ್ಕೆ ಕೈ ಹಚ್ಚಬಾರದು. ರಿಪೇರಿ ಮಾಡಿಸಿ ಅದನ್ನೇ ಓಡಿಸಬೇಕು, ಇಲ್ಲವೇ ಗ್ರೀಸ್ ಸವರಿ, ಹೊದಿಕೆ ಹೊದಿಸಿ ಜೋಪಾನವಾಗಿಡಬೇಕು. ಅರ್ಧ ಶತಮಾನದಲ್ಲಿ ಎಷ್ಟೋ ಕಾರುಗಳ ಮೂಲ ಎಂಜಿನ್ ಎಂದೋ ಗುಜರಿ ಸೇರಿದೆ. ಆಯ್ಕೆಯ ಸಂಭ್ರಮವೆಲ್ಲ ಅಂಥ ಅನಾಥ ಕಾರುಗಳದ್ದು.

ಶೆವೆಲ್‌ನಂಥ ಕಾರಿಗೆ ಸಹಜವಾದ ಉತ್ತರ ಅದರ ವಂಶದಲ್ಲೇ ಇದೆ. 1955ರಲ್ಲಿ ಎಡ್ ಕೋಲ್ ನೇತೃತ್ವದಲ್ಲಿ ಬಂದ ಶೆವ್ರೊಲೆಯ ‘ಸ್ಮಾಲ್ ಬ್ಲಾಕ್’ ವಿ8 ಮೊದಲಿಗೆ 265 ಘನ ಇಂಚಿನದು. ಆಮೇಲೆ 283, 327, 350 ಎಂದು ಬೆಳೆಯುತ್ತ ಹೋಯಿತು. ಹೊಟ್ಟೆ ದೊಡ್ಡದಾದರೂ ಮೈಕಟ್ಟು ಹಾಗೆಯೇ ಉಳಿಯಿತು: ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.4 ಇಂಚು. 1997ರಲ್ಲಿ ಕಾರ್ವೆಟ್ ಕಾರಿನಲ್ಲಿ ಎಲ್‌ಎಸ್1 ಎಂಬ ಹೊಸ ಎಂಜಿನ್ ಬಂದಾಗ ಬ್ಲಾಕ್, ಹೆಡ್, ಇಗ್ನಿಷನ್ ಎಲ್ಲ ಬದಲಾದವು, ಆ 4.4 ಇಂಚು ಬದಲಾಗಲಿಲ್ಲ. ಗೇರ್‌ಬಾಕ್ಸ್ ಕೂರುವ ಹಿಂಬದಿಯ ಬೋಲ್ಟುಗಳ ಜಾಗವೂ ಹೆಚ್ಚುಕಡಿಮೆ ಹಳೆಯದೇ. ಹಾಗಾಗಿ ಈ ಎಂಜಿನ್ ಹಳೆಯ ಶೆವ್ರೊಲೆ ಕಾರಿಗೆ ಪರಕೀಯ ಅನ್ನಿಸುವುದೇ ಇಲ್ಲ. ಮೊಮ್ಮಗ ಅಜ್ಜನ ಮನೆಗೆ ಬಂದು ನೆಲೆಸಿದಂತೆ ಕೂರುತ್ತದೆ.

ಶಕ್ತಿಯ ಲೆಕ್ಕದಲ್ಲಿ ಹಳೆಯ ಪುಸ್ತಕಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1970ರ ಶೆವೆಲ್‌ನಲ್ಲಿ 454 ಘನ ಇಂಚಿನ ಎಲ್‌ಎಸ್6 ಎಂಜಿನ್ನಿಗೆ (ಹೆಸರು ಹತ್ತಿರದ್ದಾದರೂ ಎಲ್‌ಎಸ್1ರ ವಂಶದ್ದಲ್ಲ) 450 ಅಶ್ವಶಕ್ತಿ ಎಂದು ಬರೆದಿರುತ್ತದೆ. ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರಿನಂಥ ಹೊರೆಗಳನ್ನೆಲ್ಲ ತೆಗೆದು, ಎಂಜಿನ್ ಒಂದನ್ನೇ ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆಯುತ್ತಿದ್ದ ಕಾಲದ ಅಂಕಿ ಅದು. 1972ರ ಹೊತ್ತಿಗೆ ಎಲ್ಲ ಜೋಡಿಸಿ ಅಳೆಯುವ ಪದ್ಧತಿ ಬಂತು, ಅಂಕಿಗಳೂ ಇಳಿದವು. 2008ರ ಕಾರ್ವೆಟ್‌ನ 6.2 ಲೀಟರ್ ಎಲ್‌ಎಸ್3 ಎಂಜಿನ್ನಿನ 430 ಅಶ್ವಶಕ್ತಿ ಈ ಹೊಸ ಅಳತೆಯದು. ಹಾಳೆಯ ಮೇಲೆ 20 ಕಡಿಮೆ ಕಂಡರೂ ರಸ್ತೆಯಲ್ಲಿ ಗೆಲ್ಲುವುದು ಇದೇ. ಮೇಲಾಗಿ ಅಲ್ಯೂಮಿನಿಯಂ ಬ್ಲಾಕು. ಎರಕದ ಕಬ್ಬಿಣದ ಆ ದೊಡ್ಡ ಎಂಜಿನ್ನಿಗಿಂತ ಎಷ್ಟೋ ಹಗುರ. ಕಾರಿನ ಮೂತಿ ಮೇಲೆದ್ದು, ತಿರುವುಗಳಲ್ಲಿ ಸ್ಟೀರಿಂಗ್ ಮಾತು ಕೇಳತೊಡಗುತ್ತದೆ.

ಆದರೂ ಎಂಜಿನ್ ಯಾವುದೆಂದು ಕೊನೆಗೆ ತೀರ್ಮಾನಿಸುವುದು ಅಶ್ವಶಕ್ತಿಗಿಂತ ಹೆಚ್ಚಾಗಿ ಆಯಿಲ್ ಪ್ಯಾನ್. ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಳ್ಳುವ ಈ ತೊಟ್ಟಿ ಕಾರಿನ ಅಡ್ಡ ಚಾಸಿಗೂ ಸ್ಟೀರಿಂಗ್ ರಾಡುಗಳಿಗೂ ತಾಗದಂತೆ ಕೂರಬೇಕು. ಪಿಕಪ್ ಟ್ರಕ್ಕಿನಿಂದ ಬಂದ ಎಂಜಿನ್ನಿಗೆ ಆಳವಾದ ಪ್ಯಾನ್ ಇರುತ್ತದೆ. ಟ್ರಕ್ಕಿನ ಎತ್ತರಕ್ಕೆ ಅದು ಸರಿ, ಶೆವೆಲ್‌ಗೆ ಹಾಕಿದರೆ ರಸ್ತೆಯ ಉಬ್ಬಿಗೆ ಬಡಿಯುತ್ತದೆ. ಅದೇ ಟ್ರಕ್ಕಿನ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಬಾನೆಟ್ಟಿಗೆ ಗುದ್ದುತ್ತದೆ. ಹಳೆಯ ಎಂಜಿನ್ನಿನ ಪಕ್ಕದಲ್ಲಿ ಮೌಂಟಿಗೆ ಮೂರು ಬೋಲ್ಟು, ಹೊಸದಕ್ಕೆ ನಾಲ್ಕು. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಆ ಪ್ಲೇಟು ಎಂಜಿನನ್ನು ಒಂದು ಇಂಚು ಹಿಂದೆ ಸರಿಸಿದರೂ ಎಕ್ಸಾಸ್ಟ್ ಪೈಪು ಸ್ಟೀರಿಂಗ್ ಬಾಕ್ಸನ್ನು ಮುಟ್ಟಬಹುದು. ಈ ಪರೀಕ್ಷೆಗೆಂದೇ ಫೋಮಿನಲ್ಲಿ ಎರಕ ಹೊಯ್ದ ಹಗುರವಾದ ಡಮ್ಮಿ ಬ್ಲಾಕುಗಳು ಮಾರಾಟಕ್ಕಿವೆ. ಒಬ್ಬನೇ ಎತ್ತಿ ಇಳಿಸಿ, ಹಿಂದೆ ಮುಂದೆ ಸರಿಸಿ, ಟಾರ್ಚು ಬಿಟ್ಟು ಸಂದುಗೊಂದು ನೋಡುವ ಆ ಸಂಜೆಗಳಿಗೆ ಇಡೀ ಹವ್ಯಾಸದಲ್ಲೇ ಸಾಟಿಯಿಲ್ಲ.

ಪೆಟ್ರೋಲಿನ ವಿಷಯ ಬೇರೆಯೇ. ಕಾರ್ಬ್ಯುರೇಟರಿಗೆ ಆರೇಳು ಪಿಎಸ್‌ಐ ಒತ್ತಡ ಸಾಕಾಗುತ್ತಿತ್ತು. ಎಲ್‌ಎಸ್ ಇಂಜೆಕ್ಷನ್ನಿಗೆ 58 ಬೇಕು. ಅಂದರೆ ಟ್ಯಾಂಕಿನೊಳಗೆ ಹೊಸ ಪಂಪು, ಹೊಸ ಪೈಪು, ಜೊತೆಗೆ ವೈರಿಂಗ್ ಮತ್ತು ಕಂಪ್ಯೂಟರ್. ಇದರ ಖರ್ಚು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಅಗ್ಗದ ಎಂಜಿನ್ ಅಗ್ಗವಾಗಿ ಉಳಿಯುವುದಿಲ್ಲ.

ಫೋರ್ಡ್ ಕಡೆಯವರ ಕಷ್ಟ ಇನ್ನೊಂದು ಬಗೆಯದು. 1965ರ ಮಸ್ಟಾಂಗ್‌ನ ಬಾನೆಟ್ಟಿನಡಿ ಎರಡೂ ಬದಿಗೆ ಸ್ಪ್ರಿಂಗು ಹೊತ್ತ ಗೋಪುರಗಳಿವೆ. 289 ಘನ ಇಂಚಿನ ಮೂಲ ಎಂಜಿನ್ ನಡುವೆ ಅಚ್ಚುಕಟ್ಟಾಗಿ ಕೂರುತ್ತದೆ. 2011ರಲ್ಲಿ 412 ಅಶ್ವಶಕ್ತಿಯೊಂದಿಗೆ ಬಂದ 5 ಲೀಟರಿನ ‘ಕಯೋಟಿ’ ಎಂಜಿನ್ ಎಲ್ಲರ ಕನಸು. ನಾಲ್ಕು ಕ್ಯಾಮ್‌ಶಾಫ್ಟುಗಳಿಂದಾಗಿ ಅದರ ತಲೆ ವಿಪರೀತ ಅಗಲ. ಗೋಪುರಗಳನ್ನು ಕತ್ತರಿಸಿ, ಮುಂಗಡೆಯ ಸಸ್ಪೆನ್ಷನ್ನನ್ನೇ ಬದಲಿಸದೆ ಅದು ಇಳಿಯುವುದಿಲ್ಲ. ಇಲ್ಲಿ ಎಂಜಿನ್ನಿಗಾಗಿ ಕಾರನ್ನೇ ಕೊಯ್ದಂತಾಗುತ್ತದೆ. ಫೋರ್ಡಿನದೇ 302 ಘನ ಇಂಚಿನ ಬ್ಲಾಕಿನಲ್ಲಿ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 347 ಘನ ಇಂಚಿಗೆ ಏರಿಸುವುದೇ ಆ ಪುಟ್ಟ ಕಾರಿಗೆ ಒಪ್ಪುವ ಮರ್ಯಾದಸ್ಥ ದಾರಿ.

ಮಲೆನಾಡಿನ ತೋಟಗಳಲ್ಲಿ ಹಳೆಯ ವಿಲ್ಲಿಸ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರಿಗೆ ಈ ಹುಡುಕಾಟ ಹೊಸದೇನಲ್ಲ. ಗುಜರಿಯಲ್ಲಿ ಏನು ಸಿಗುತ್ತದೆ, ಬಿಡಿಭಾಗ ನಾಳೆಯೂ ಸಿಗುತ್ತದೆಯೇ ಎಂಬುದೇ ಅಲ್ಲೂ ಇಲ್ಲೂ ದೊಡ್ಡ ಪ್ರಶ್ನೆ. ಅಮೆರಿಕದ ಗುಜರಿ ಅಂಗಳಗಳಲ್ಲಿ ಹೇರಳವಾಗಿರುವುದು 1999ರಿಂದೀಚಿನ ಶೆವ್ರೊಲೆ ಪಿಕಪ್‌ಗಳ, ಎಲ್‌ಎಸ್ ವಂಶದ್ದೇ ಆದ 5.3 ಲೀಟರ್ ಎಂಜಿನ್. ಕಬ್ಬಿಣದ ಬ್ಲಾಕು, ಸ್ವಲ್ಪ ಭಾರ, ಆದರೆ ಗಟ್ಟಿಗ. ದುಡ್ಡಿದ್ದವರು ಪೆಟ್ಟಿಗೆಯಲ್ಲಿ ಬರುವ ಹೊಸ ಎಲ್‌ಎಸ್3 ತರಿಸಲಿ. ದಿನಾ ಓಡಿಸುವ ಕಾರಿಗೆ ಈ ಟ್ರಕ್ ಎಂಜಿನ್ನೇ ಸರಿ. ಉಳಿದ ಹಣದಲ್ಲಿ ಆಯಿಲ್ ಪ್ಯಾನ್, ರೇಡಿಯೇಟರ್, ಒಳ್ಳೆಯ ಬ್ರೇಕು ಬಂದಾವು. ಬ್ರೇಕನ್ನು ಮರೆಯಲೇಬಾರದು: ಆ ಕಾಲದ ಎಷ್ಟೋ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇತ್ತು.

ಹೊಸ ಎಂಜಿನ್ ಹಾಕಿದರೆ ಹಳೆಯ ಸದ್ದು ಹೋಗಿಬಿಡುತ್ತದಲ್ಲ ಎಂಬ ಅಳುಕು ಹಲವರಿಗೆ. ಹೋಗುವುದಿಲ್ಲ. ಎಲ್‌ಎಸ್‌ನ ಸಿಲಿಂಡರುಗಳು ಉರಿಯುವ ಸರದಿ 1-8-7-2-6-5-4-3, ಹಳೆಯದರಲ್ಲಿ 1-8-4-3-6-5-7-2. ಸರದಿ ಬದಲಾದರೂ ಕ್ರ್ಯಾಂಕ್‌ಶಾಫ್ಟಿನ 90 ಡಿಗ್ರಿ ಕಟ್ಟು ಅದೇ, ಆದ್ದರಿಂದ ಆ ಒಡೆದ ಗುಡುಗಿನ ಗುರುಗುರು ಅದೇ. ವಾಲ್ವುಗಳನ್ನು ಇನ್ನಷ್ಟು ಹೊತ್ತು ತೆರೆದಿಡುವ ಕ್ಯಾಮ್ ಹಾಕಿಸಿದರೆ, ಸಿಗ್ನಲ್ಲಿನಲ್ಲಿ ನಿಂತ ಕಾರು ಲಯ ತಪ್ಪಿ ತಪ್ಪಿ ಮೈ ಕುಲುಕುತ್ತ ಮೊದಲಿನಂತೆಯೇ ಮೆಲ್ಲಗೆ ಗೊಣಗುತ್ತದೆ.

ಇನ್ನು ಗೇರ್‌ಬಾಕ್ಸ್. ಆರು ಗೇರಿನ ಟಿ56 ಬೇಕೆಂದರೆ ಶೆವೆಲ್‌ನ ನೆಲವನ್ನು ನಡುವೆ ಕತ್ತರಿಸಿ ಎತ್ತರಿಸಬೇಕು. ಐದು ಗೇರಿನ ಟ್ರೆಮೆಕ್ ಟಿಕೆಎಕ್ಸ್ ಹಳೆಯ ಕಾರುಗಳ ಕಿರಿದಾದ ಸುರಂಗಕ್ಕೆಂದೇ ತಯಾರಾದದ್ದು, ಅಷ್ಟು ಕೊಯ್ತ ಕೇಳುವುದಿಲ್ಲ. ಟೇಪು ಹಿಡಿದು ಕಾರಿನ ಕೆಳಗೆ ತೂರಿಕೊಳ್ಳುವ ಕೆಲಸ ಮತ್ತೆ ಮೊದಲಿನಿಂದ ಶುರು.