ಸುಟ್ಟ ನೂಲಿನ ಲೆಕ್ಕ

ವಿಮೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಚರ್ಚೆ ಹಲಾಲೋ ಹರಾಮೋ ಎಂಬ ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. ಪ್ರಶ್ನೆ ಸಣ್ಣದಲ್ಲ. 1985ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಗಲಭೆಗಳಲ್ಲಿ ಮನೆ, ಅಂಗಡಿ ಉರಿದುಹೋಗುವುದನ್ನು ಕಂಡ ಭಾರತದ ಅನೇಕ ಉಲಮಾಗಳು ಇಲ್ಲಿನ ಪರಿಸ್ಥಿತಿಯ ಆಧಾರದಲ್ಲಿ ಆಸ್ತಿ ವಿಮೆಗೆ ಅನುಮತಿ ನೀಡಿದ್ದಾರೆ. ನಾನು ಮುಫ್ತಿಯಲ್ಲ. ಬ್ಯಾಂಕಿನ ಸಾಲದಲ್ಲಿ ಮನೆ ಕಟ್ಟಿದವರಿಗೆ ಹೆಚ್ಚಾಗಿ ಪಾಲಿಸಿಯೂ ಸಾಲದ ಜೊತೆಗೇ ಬಂದಿರುತ್ತದೆ. ಆಮೇಲೆ ಮನೆ ಸುಟ್ಟರೆ ನಮ್ಮ ಪರವಾಗಿ ಮಾತಾಡುವವರು ಯಾರು, ಏನು ಮಾತಾಡಬೇಕು ಎಂಬುದರ ಬಗ್ಗೆ ಮಾತ್ರ ನಾನಿಲ್ಲಿ ಹೇಳಬಯಸುತ್ತೇನೆ.

ಗಜೇಂದ್ರಗಡದಲ್ಲಿ ನನ್ನ ಖಾಲು ಕೈಮಗ್ಗದ ನೇಕಾರರು. ಗುಡ್ಡದ ಮೇಲಿನ ಕೋಟೆಗೂ ಕಾಲಕಾಲೇಶ್ವರನಿಗೂ ಹೆಸರಾದ ಈ ಊರು ಸೀರೆಗೂ ಹೆಸರಾದದ್ದು. 2019ರ ಬೇಸಿಗೆಯ ಒಂದು ರಾತ್ರಿ ವಿದ್ಯುತ್ ತಂತಿ ಕಿಡಿ ಹಾರಿ ಅವರ ಮನೆಗೆ ಬೆಂಕಿ ಬಿತ್ತು. ಓಣಿಯವರೆಲ್ಲ ಕೊಡ ಹಿಡಿದು ಬಂದರು. ಅಲ್ಲಾಹನ ದಯೆಯಿಂದ ಜೀವಹಾನಿಯಾಗಲಿಲ್ಲ. ಆದರೆ ಎರಡು ಕೋಣೆಗಳ ಮಾಡು, ಬಟ್ಟೆಬರೆ, ಮಗ್ಗ, ಅದರ ಮೇಲಿದ್ದ ಹಾಸು, ಮೂಲೆಯಲ್ಲಿಟ್ಟಿದ್ದ ನೂಲು ಎಲ್ಲವೂ ಬೂದಿಯಾದವು. ಆ ನೂಲು ಖಾಲುದಲ್ಲ. ಕೂಲಿ ನೇಯ್ಗೆಗೆಂದು ಸಾವಕಾರರು ಕೊಟ್ಟದ್ದು. ಪಾಲಿಸಿಯಲ್ಲಿದ್ದುದು ಕಟ್ಟಡ ಮತ್ತು ಮನೆಬಳಕೆಯ ಸಾಮಾನು ಮಾತ್ರ. ಮಗ್ಗವೂ ಪರರ ಮಾಲೂ ಅದರೊಳಗೆ ಬರುತ್ತಿರಲಿಲ್ಲ.

ವಿಮಾ ಕಂಪನಿ ಹುಬ್ಬಳ್ಳಿಯಿಂದ ಸರ್ವೇಯರ್ ಒಬ್ಬರನ್ನು ಕಳಿಸಿತು. ಈ ಸರ್ವೇಯರ್ ಯಾರೆಂಬುದನ್ನು ಓದುಗರು ತಿಳಿದಿರಬೇಕು. ಅವರಿಗೆ ಪರವಾನಗಿ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರ. ಅವರು ನಿಷ್ಪಕ್ಷಪಾತವಾಗಿ ಹಾನಿಯನ್ನು ಅಳೆಯಬೇಕು. ಆದರೆ ಸಾಮಾನ್ಯವಾಗಿ ಅವರನ್ನು ನೇಮಿಸುವುದೂ ಶುಲ್ಕ ಕೊಡುವುದೂ ಕಂಪನಿಯೇ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪಬ್ಲಿಕ್ ಅಡ್ಜಸ್ಟರ್ ಎಂಬ ಬೇರೆಯದೇ ವೃತ್ತಿಯಿದೆ. ಸರಕಾರದ ಪರವಾನಗಿ ಪಡೆದ ಆತ ಮನೆಯವರ ಪರವಾಗಿ ಹಾನಿಯ ಲೆಕ್ಕ ಹಾಕಿ ಕಂಪನಿಯೊಡನೆ ವಾದಿಸುತ್ತಾನೆ, ಬಂದ ಹಣದಲ್ಲಿ ಶೇಕಡಾವಾರು ಪಾಲು ಪಡೆಯುತ್ತಾನೆ. ನಮ್ಮಲ್ಲಿ ಪಾಲಿಸಿದಾರನಿಗೆ ಅಂಥ ಪರವಾನಗಿದಾರನಿಲ್ಲ. ಆ ಖಾಲಿ ಜಾಗವನ್ನು ಮಧ್ಯವರ್ತಿಗಳು ತುಂಬುತ್ತಾರೆ.

ಖಾಲು ಅವರ ಮನೆಗೂ ಮೂರನೆಯ ದಿನ ಒಬ್ಬ ಬಂದ. "ಚಾಚಾ, ನೂಲು ಪಾಲಿಸಿಯಾಗ ಬರಂಗಿಲ್ಲ. ಅದರ ರೊಕ್ಕ ಬ್ಯಾರೆ ಕಡೆ ತುಂಬೋಣು. ಟಿವಿ, ಫ್ರಿಜ್ಜು, ಎರಡು ತಿಜೋರಿ ಸುಟ್ಟಾವ ಅಂತ ಬರೀರಿ. ಬಿಲ್ಲು ನಾ ತರತೇನಿ. ಬಂದದ್ದರಾಗ ನೂರಕ್ಕ ಇಪ್ಪತ್ತು ನನಗ."

ಖಾಲು ಬಹಳ ಹೊತ್ತು ಸುಮ್ಮನಿದ್ದರು. ಸಾವಕಾರರ ನೂಲಿನ ಸಾಲ ಕಣ್ಣ ಮುಂದಿತ್ತು. ಕೊನೆಗೆ ಮಾತಾಡಿದ್ದು ಖಾಲಾ: "ಇಲ್ಲದ ಟಿವಿ ಹೆಂಗ ಸುಡತೈತಪಾ?" ಆತ ಚಹಾ ಕುಡಿದು ಹೋದ. ಖಾಲು ನನ್ನ ಕೈಗೆ ನೋಟುಬುಕ್ಕು ಕೊಟ್ಟು ಅಂದರು: "ಸುಟ್ಟದ್ದನ್ನ ಒಂದೂ ಬಿಡಬ್ಯಾಡ. ಸುಡದ್ದನ್ನ ಒಂದೂ ಬರೀಬ್ಯಾಡ."

ಇದು ಧರ್ಮದ ಮಾತಷ್ಟೇ ಅಲ್ಲ, ವ್ಯವಹಾರದ ಮಾತೂ ಹೌದು. ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ನಿಜವಾದ ಹಾನಿಯ ಪರಿಹಾರವನ್ನೂ ತಿರಸ್ಕರಿಸಲು ಪಾಲಿಸಿಯ ಷರತ್ತಿನಲ್ಲೇ ಅವಕಾಶವಿರುತ್ತದೆ.

ನಾಲ್ಕು ಸಂಜೆ ಕೂತು ಕೋಣೆಕೋಣೆಯ ಪಟ್ಟಿ ಮಾಡಿದೆವು. ಮಗಳ ನಿಕಾಹ್‌ನ ಫೋಟೋಗಳಲ್ಲಿ ಹಿಂದೆ ಕಾಣುವ ಕಪಾಟು, ಮಂಚಗಳೇ ಪುರಾವೆಯಾದವು. ಪೊಲೀಸ್ ಪಂಚನಾಮೆ, ಅಗ್ನಿಶಾಮಕ ದಳದ ವರದಿ, ಪುರಸಭೆಯ ಉತಾರ, ಗೌಂಡಿಯ ಅಂದಾಜುಪಟ್ಟಿ ಎಲ್ಲವನ್ನೂ ಜೋಡಿಸಿದೆವು. ಆದರೂ ಕಂಪನಿ ಹೇಳಿದ ಮೊತ್ತ ತೀರ ಕಡಿಮೆಯಿತ್ತು. ಸರ್ವೇ ವರದಿಯ ಪ್ರತಿ ಕೇಳಿ ಪಡೆದಾಗ ಎರಡು ಕಾರಣ ಕಂಡವು. ಒಂದು, ಒಂದು ಕೋಣೆಯ ಮಾಡನ್ನೇ ಬಿಟ್ಟಿದ್ದರು. ಇನ್ನೊಂದು, ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆಯಾಗಿತ್ತು. ಹತ್ತು ಲಕ್ಷದ ಮನೆಗೆ ಆರು ಲಕ್ಷದ ವಿಮೆಯಿದ್ದರೆ ಎರಡು ಲಕ್ಷದ ಹಾನಿಗೆ ಸಿಗುವುದು ಒಂದು ಲಕ್ಷ ಇಪ್ಪತ್ತು ಸಾವಿರ ಮಾತ್ರ. ಎರಡನೆಯದಕ್ಕೆ ಉಪಾಯವಿರಲಿಲ್ಲ. (2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವಿಲ್ಲ.) ಮೊದಲನೆಯದಕ್ಕೆ ಲಿಖಿತ ಆಕ್ಷೇಪಣೆ ಕಳಿಸಿದೆವು. ಸರ್ವೇ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ.

ತಿಂಗಳಾದರೂ ಉತ್ತರವಿಲ್ಲದಿದ್ದಾಗ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಬರೆದೆವು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಆಗ 30 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಕೇಳುತ್ತಿದ್ದರು, 2023ರಿಂದ ಆ ಮಿತಿ 50 ಲಕ್ಷ. ಕೆಲವು ತಿಂಗಳ ನಂತರ ಬಿಟ್ಟುಹೋದ ಮಾಡಿನ ಹಣ ಬಂತು. ಯಾರಿಗೂ ನೂರಕ್ಕೆ ಇಪ್ಪತ್ತು ಕೊಡಬೇಕಾಗಲಿಲ್ಲ.

ನೂಲಿನ ಹಣ ಮಾತ್ರ ಬರಲಿಲ್ಲ. ಖಾಲು ಸಾವಕಾರರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅವರು ದೇವಾಂಗದವರು, ಮೂವತ್ತು ವರ್ಷದ ವ್ಯವಹಾರ. "ಅರ್ಧ ನನ್ನ ನಸೀಬಂತ ಬಿಡತೇನಿ. ಉಳಿದದ್ದು ಸೀರಿಗೊಂದಿಷ್ಟು ಮುರಕೋಣು" ಎಂದರು. 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತು ಆ ಸಾಲ ಮತ್ತಷ್ಟು ಎಳೆಯಿತು. ತೀರುವಾಗ ಎರಡು ವರ್ಷ ದಾಟಿತ್ತು. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗೆಗಿನದು. ಬರೆಯಲು ಬಲ್ಲವನು ನಿರಾಕರಿಸಬಾರದು ಎಂಬುದೂ ಅದರಲ್ಲಿದೆ. ನಮ್ಮ ಮೊಹಲ್ಲಾಗಳಲ್ಲಿ ಓದಿದ ಯುವಕರಿಗೆ ಬರವಿಲ್ಲ. ಮಸೀದಿ ಕಮಿಟಿಗಳು ಜುಮಾ ನಂತರ ಒಂದು ಗಂಟೆ ಒಂದು ಮೇಜು ಹಾಕಿ, ಯಾವ ಧರ್ಮದವರೇ ಬರಲಿ, ಅವರ ಅರ್ಜಿ ಬರೆದುಕೊಡುವ ಏರ್ಪಾಡು ಮಾಡಬಹುದು. ಓದುಗರು ಇಂದೇ ಮಾಡಬಹುದಾದ ಕೆಲಸವೂ ಒಂದಿದೆ: ಪಾಲಿಸಿಯನ್ನು ತೆಗೆದು ಏನಿದೆ, ಏನಿಲ್ಲ ನೋಡಿ, ಮನೆಯ ಪ್ರತಿ ಕೋಣೆಯ ಫೋಟೋ ತೆಗೆದು ಬೇರೆ ಊರಿನ ಸಂಬಂಧಿಕರೊಬ್ಬರಿಗೆ ಕಳಿಸಿಡುವುದು.